ಮದುವೆಯ ಚಪಾನ್

ಸಂಜೆ ಕರೆಂಟು ಹೋದ ಸ್ವಲ್ಪ ಹೊತ್ತಿಗೇ ಯುಪಿಎಸ್ಸೂ ಕುಂಯ್ ಎಂದು ಆರಿಹೋಯಿತು. ಅದರ ಜತೆಗೆ ಮಾವ ಕುರ್ಬೋನರ ಆಕ್ಸಿಜನ್ ಮಶೀನು ನಿಂತಿತು. ಕೋಣೆಯಲ್ಲಿ ಅವರು ಏದುಸಿರು ಬಿಡತೊಡಗಿದರು. ಸೊಸೆ ಮೆಹ್ರಂಗೇಜ್ ಟಾರ್ಚು ಹಿಡಿದು ಹಜಾರಕ್ಕೆ ಓಡಿ, ಯುಪಿಎಸ್ ಮೇಲಿದ್ದ ಬಟ್ಟೆಯನ್ನು ಎಳೆದೆಸೆದಳು. ಬ್ಯಾಟರಿಯಲ್ಲಿ ನೀರಿತ್ತು. ಫ್ಯೂಸು ಹೋಗಿರಲಿಲ್ಲ. ಯುಪಿಎಸ್ ಪೆಟ್ಟಿಗೆ ಮಾತ್ರ ಮುಟ್ಟಿದರೆ ಕೆಂಡ. ಆಗ ಟಾರ್ಚಿನ ಬೆಳಕು ನೆಲದ ಬಟ್ಟೆಯ ಮೇಲೆ ಬಿತ್ತು. ಮಾವ ತಮ್ಮ ಮದುವೆಯಲ್ಲಿ ತೊಟ್ಟಿದ್ದ, ಅತ್ತೆ ಯಾರಿಗೂ ಮುಟ್ಟಗೊಡದ, ಹತ್ತಿ ತುಂಬಿದ ನಿಲುವಂಗಿ, ಚಪಾನ್ ಅದು!

"ಅತ್ತೆ, ಇದನ್ನ ಯಾರು ಹೊದಿಸಿದ್ದು? ಬಿಸಿ ಹೊರಗೆ ಹೋಗದೆ ಆಫ್ ಆಗಿದೆ!"

"ನಾನೇ ಕಣೇ. ಹಿಮ ಬೀಳ್ತಿದೆ. ಇವರ ಉಸಿರು ಕಾಯೋದೇ ಅದು, ಬರೀ ಮೈಯಲ್ಲಿ ಹೇಗೆ ಬಿಡ್ಲಿ?"

ಮೆಹ್ರಂಗೇಜ್ ಬೀದಿ ಬಾಗಿಲು ತೆಗೆದು ಹಿಮದ ಗಾಳಿಯನ್ನು ಒಳಗೆ ಬಿಟ್ಟಳು. ಪೆಟ್ಟಿಗೆ ತಣಿಯಿತು. ಸ್ವಿಚ್ಚು ಒತ್ತಿದಾಗ ಮಶೀನು ಮತ್ತೆ ಗುಂಯ್‌ಗುಟ್ಟಿತು.

ಕೋಣೆಯಿಂದ ಮಾವನ ಸಣ್ಣ ದನಿ ಬಂತು: "ನನಗೇ ಮುಟ್ಟೋಕೆ ಬಿಡದ ಚಪಾನು... ಆ ಪೆಟ್ಟಿಗೆಗೆ ಹೊದಿಸಿದ್ಯೇನೇ?"

"ಸುಮ್ನೆ ಉಸಿರಾಡಿ," ಎಂದು ಗದರುತ್ತಲೇ ಅತ್ತೆ ಚಪಾನನ್ನು ಬಾಚಿಕೊಂಡು ಹೋಗಿ ಅವರಿಗೆ ಹೊದಿಸಿದರು. ಅದಿನ್ನೂ ಬೆಚ್ಚಗಿತ್ತು.