ಏಕಾಂತಯ್ಯನವರ ನಲವತ್ತು ಗಂಟೆ

ಯೋಗಾನಂದ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಹೊಲಿಗೆ ಮಿಷನ್ನಿಗೆ ಒರಗಿಸಿಟ್ಟಿದ್ದ ಮೊಬೈಲನ್ನು ಎತ್ತಿಕೊಂಡ. "ಬೆಳಿಗ್ಗೆ ತೋಟಕ್ಕೆ ಯಾಕೆ ಹೋದ್ರಿ ಚಿಕ್ಕಮ್ಮ?" ಅವನ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡಿತು. ಎಂಟು ವರ್ಷದಿಂದ ಕಿವಿ ಕೇಳದ ಸರೋಜಮ್ಮ ಅದನ್ನು ಓದಿ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದರು.

"ನಿಮ್ಮ ಚಿಕ್ಕಪ್ಪ ಕರೆದ್ರು. ಹೋದೆ."

"ಚಿಕ್ಕಪ್ಪ ತೀರ್ಕಂಡು ಏಳು ತಿಂಗ್ಳಾಯ್ತು."

"ಗೊತ್ತು ಕಣೋ. ನಂಗೆ ಕಿವಿ ಹೋಗೈತೆ, ಮರೆವು ಬಂದಿಲ್ಲ."

ಅವನು ಪರದೆಯನ್ನು ಹಿಂದಕ್ಕೆ ಸರಿಸಿ ನೋಡಿದ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ, 'ಸರೋಜಾ, ತೋಟದ ಕಡೆ ಬಾ. ಇಲ್ಲೇನೂ ಇಲ್ಲ' ಎಂದು ಬಂದಿತ್ತು. ಅದರ ಕೆಳಗೇ ಅರಣ್ಯ ಇಲಾಖೆ ಜೀಪಿನ ಮೈಕು ರಸ್ತೆಯಲ್ಲಿ ಕೂಗಿಕೊಂಡು ಹೋದದ್ದು ಇತ್ತು: 'ಮೂರು ಆನೆಗಳು ತೋಟಕ್ಕೆ ಇಳಿದಿವೆ, ಯಾರೂ ಹೊರಗೆ ಬರಬಾರದು.' ಎರಡನ್ನೂ ಓದಿದ ಸರೋಜಮ್ಮ ಗಂಡ ಏಕಾಂತಯ್ಯನವರ ಮಾತನ್ನೇ ನಂಬಿದ್ದರು. ಆನೆಗಳು ನಿಂತಿದ್ದದ್ದು ಏಕಾಂತಯ್ಯನವರ ಸಮಾಧಿಯ ಹಿಂದೆ, ಸಿಲ್ವರ್ ಮರಗಳ ಸಾಲಿನಲ್ಲಿ. ವಾಚರ್ ಸುನಿಲ್‌ಕುಮಾರ್ ಓಡಿಹೋಗಿ ಕೈಹಿಡಿದು ಎಳೆದು ತರದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಮನೆ ಮುಂದೆ ಜನ ಸೇರಿರುತ್ತಿದ್ದರು.

ಯೋಗಾನಂದನಿಗೆ ಮೈಯೆಲ್ಲ ಉರಿಯಿತು. ಉರಿದದ್ದು ತನ್ನ ಮೇಲೆಯೇ. ಸೀರಿಯಲ್ಲುಗಳ ಮಾತನ್ನು ಪರದೆಯ ಕೆಳಗೆ ಅಕ್ಷರವಾಗಿ ಮೂಡಿಸುವ ಸಾಫ್ಟ್‌ವೇರ್ ಬರೆಯುವುದು ಅವನ ಕೆಲಸ. ಹಾನುಬಾಳಿನ ಈ ಓಣಿಯಲ್ಲೇ, ಎರಡು ಮನೆ ಆಚೆ ಕೂತು ಬರೆಯುತ್ತಾನೆ. ಚಿಕ್ಕಮ್ಮನಿಗೆಂದು ಬೇರೆಯೇ ಒಂದು ಆಪ್ ಮಾಡಿಕೊಟ್ಟಿದ್ದ. ರವಿಕೆ ಅಳತೆ ಕೊಡಲು ಬಂದವರ ಮಾತು ತಿಳಿಯಲಿ, ಆನೆ ಬಂದಾಗ ಕೂಗಿದ್ದು ಗೊತ್ತಾಗಲಿ ಎಂದು. ಅದಕ್ಕೆ ಈ ಸೀಮೆಯ ಮಾತು ಕಲಿಸಲು ಅವನಿಗೆ ಸಿಕ್ಕಿದ್ದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಏಕಾಂತಯ್ಯನವರು. ನಲವತ್ತು ಗಂಟೆ ಮಾತಾಡಿದ್ದರು. ಅಷ್ಟನ್ನೂ ಯೋಗಾನಂದ ಕೈಯಾರೆ ಟೈಪ್ ಮಾಡಿದ್ದ. "ನಾನು ಬಾಯಿ ತೆಗೆದ್ರೆ ನಮ್ಮ ಜನ ಎದ್ದು ಹೋಗ್ತಾರೆ. ಕೂತ್ಕಂಡು ಕೇಳದು ನಿನ್ ಕಂಪ್ಯೂಟರ್ ಒಂದೇ ಮಾರಾಯ," ಎಂದು ನಕ್ಕಿದ್ದರು.

"ಚಿಕ್ಕಮ್ಮ, ಇದು ಚಿಕ್ಕಪ್ಪ ಅಲ್ಲ. ಈ ಆಪಿಗೆ ಸುಮ್ನಿರೋದು ಗೊತ್ತಿಲ್ಲ. ಯಾರೂ ಮಾತಾಡದಿದ್ರೆ ಕಲ್ತಿದ್ದನ್ನೇ ಕಕ್ಕುತ್ತೆ. ಆಫೀಸಲ್ಲೂ ಹಿಂಗೇ. ಸೀರಿಯಲ್ ಹೀರೋಯಿನ್ ಸುಮ್ನೆ ಅಳ್ತಾ ಕೂತಿದ್ರೆ, ಕೆಳಗೆ 'ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ' ಅಂತ ಬರೆದುಬುಟ್ಟಿತ್ತು."

ಸರೋಜಮ್ಮ ಓದಿ ಮುಗಿಸಿದರು. ನಗಲಿಲ್ಲ. "ನೀನೇ ಅಲ್ವೇನೋ ಮುಂದೆ ನಿಂತು ಅವ್ರನ್ನ ಕೂರ್ಸಿ ಮಣ್ಣು ಮಾಡಿದ್ದು? ಮಲಗ್ಸಿದ್ರೆ ನಿದ್ದೆ ಹೋಗ್ತಿದ್ರೋ ಏನೋ. ಕೂತೋರು ಎಷ್ಟು ದಿನ ಅಂತ ಸುಮ್ನಿರ್ತಾರೆ?"

ಸತ್ತವರನ್ನು ಕೂರಿಸಿಯೇ ಹೂಳುವುದು ಅವರ ಮನೆತನದ ಪದ್ಧತಿ. ಗುಂಡಿಗೆ ಇಳಿದು, ಪಕ್ಕಕ್ಕೆ ವಾಲುತ್ತಿದ್ದ ಚಿಕ್ಕಪ್ಪನ ಕುತ್ತಿಗೆಯನ್ನು ನೆಟ್ಟಗೆ ಮಾಡಿ, ಎರಡೂ ಕಡೆ ವಿಭೂತಿ ಗಟ್ಟಿ ಇಟ್ಟು ನಿಲ್ಲಿಸಿದ್ದು ಯೋಗಾನಂದನೇ. ಆ ತಣ್ಣನೆಯ ಕತ್ತು ಅಂಗೈಗೆ ಮತ್ತೆ ತಾಗಿದಂತಾಯಿತು. ತನ್ನ ಮೇಲಿನ ಸಿಟ್ಟಿನಲ್ಲೇ ಮನೆಗೆ ಹೋಗಿ ಲ್ಯಾಪ್‌ಟಾಪ್ ತಂದ. ಸಂತೆಯಲ್ಲಿ, ಬಸ್ಸಿನಲ್ಲಿ ಹಿಡಿದುಕೊಂಡಿದ್ದ ಬೇರೆಯವರ ಮಾತಿನಿಂದಷ್ಟೇ ಕಲಿತ ಇನ್ನೊಂದು ಆಪ್ ಅವನ ಬಳಿ ಇತ್ತು. ಹಳೆಯದನ್ನು ಕಿತ್ತು ಅದನ್ನು ಹಾಕಿದ. ಏಕಾಂತಯ್ಯನವರ ನಲವತ್ತು ಗಂಟೆಯನ್ನೂ, ತಾನು ಟೈಪ್ ಮಾಡಿದ್ದನ್ನೂ ಲ್ಯಾಪ್‌ಟಾಪಿನಿಂದಲೇ ಅಳಿಸಿದ. ಸರೋಜಮ್ಮ ಬೇಡ ಎನ್ನಲಿಲ್ಲ. ಯಾರದೋ ರವಿಕೆಗೆ ಹುಕ್ಕು ಹಾಕುತ್ತಾ ಕೂತಿದ್ದರು.

ಕಿಟಕಿ ಮುಚ್ಚಿದ. ಫ್ಯಾನ್ ಆರಿಸಿದ. ಮೊಬೈಲನ್ನು ಇಬ್ಬರ ನಡುವೆ ಇಟ್ಟು ಕೂತ. ಐದು ನಿಮಿಷವಾಯಿತು. ಹತ್ತಾಯಿತು. ಪರದೆ ಬೆಳ್ಳಗೆ ಖಾಲಿ ಇತ್ತು. ಎದೆಯ ಮೇಲಿನ ಮೂಟೆ ಇಳಿಸಿದಂತಾಗಿ, "ನೋಡಿದ್ರಾ? ಸದ್ದಿಲ್ಲ ಅಂದ್ರೆ ಅಕ್ಷರಾನೂ ಇಲ್ಲ. ಇನ್ಮೇಲೆ ಜೀಪ್‌ನೋರು ಹೇಳಿದ್ದನ್ನ ನಂಬಿ," ಎಂದ. ಅಷ್ಟೂ ತಪ್ಪಿಲ್ಲದೆ ಮೂಡಿ ನಿಂತಿತು.

ಸರೋಜಮ್ಮ ದಾರವನ್ನು ಹಲ್ಲಿನಲ್ಲಿ ಕಡಿದು, ರವಿಕೆ ಮಡಿಸಿಟ್ಟು, ಮೊಬೈಲಿನ ಹತ್ತಿರಕ್ಕೆ ಬಗ್ಗಿದರು. ಬಚ್ಚಲಿನಲ್ಲಿ ಇರುವವರನ್ನು ಬಾಗಿಲಾಚೆಯಿಂದ ಕೇಳುವ ಹಾಗೆ ಕೇಳಿದರು.

"ರೀ, ಇದೀರಾ?"

ಅವರ ಮಾತು ಮೂಡಿತು. ಸ್ವಲ್ಪ ಹೊತ್ತು ಅಷ್ಟೇ ಇತ್ತು. ಆಮೇಲೆ ಅದರ ಕೆಳಗೆ, ಯಾರೂ ತುಟಿ ಬಿಚ್ಚದೆ, ಇನ್ನೊಂದು ಸಾಲು ಬಂತು.

'ಯೋಗಾನಂದ ಹೋಗ್ಲಿ. ಆಮೇಲೆ ಮಾತಾಡಣ.'

ಸರೋಜಮ್ಮ ಓದಿದರು. ಮೊಬೈಲನ್ನು ಮಡಿಲಿಗೆ ಮಗುಚಿಕೊಂಡು, ಮೇಲೆ ಸೆರಗು ಹಾಕಿ, ಅವನ ಕಡೆ ತಿರುಗಿದರು.

"ನಿಂಗೆ ಆಫೀಸ್ ಕೆಲ್ಸ ಇರ್ತದಲ್ಲಪ್ಪ," ಎಂದರು. "ಹೊರಡು. ಹೋಗ್ತಾ ಬಾಗ್ಲು ಎಳ್ಕಂಡು ಹೋಗು."