ಮನೆ ವ್ಯಾನಿನ ಟೈರು

ಆರ್‌ಟಿಓ ಪಾಸಿಂಗ್ ಮುಗಿಸಿ ಬಂದ ಕೂಲಿಯವರ ವ್ಯಾನಿನ ಹೊಸ ಟೈರುಗಳನ್ನು ಗುತ್ತಿಗೆದಾರ ಸಂಗಣ್ಣ ತನ್ನ ಅಂಗಳದಲ್ಲೇ ಬಿಚ್ಚತೊಡಗಿದಾಗ ಡ್ರೈವರ್ ಚಂದಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಬೆಳಿಗ್ಗೆಯಷ್ಟೇ ಅವನೇ ಅದನ್ನು ತಪಾಸಣೆಗೆ ಒಯ್ದಿದ್ದ. ಸಾಹೇಬರು ನಾಲ್ಕೂ ಟೈರು ನೋಡಿ, ಇನ್ನೊಂದು ವರ್ಷ ಓಡಿಸಬಹುದೆಂದು ಸಹಿ ಹಾಕಿದ್ದರು.

"ಯಾಕ್ರಿ ಸಾವ್ಕಾರ್ರ, ಪಂಕ್ಚರ್ ಆಗೇತೇನ್ರಿ?"

"ಇವು ಮನಿ ವ್ಯಾನಿನ ಟೈರ್ ಅದಾವೋ. ನಾಳೆ ನಮ್ಮ ಹುಡುಗ್ರು ಸಾಲಿಗೆ ಹೋಗಬೇಕು. ಪಾಸಿಂಗ್ ಆತಲ್ಲ, ಇದಕ್ಕ ಹಳೇವು ಹಾಕು."

ಹಳೆಯವು ಗೋಡೆಗೆ ಒರಗಿದ್ದವು. ಒಂದರ ಅಂಚಿನಿಂದ ತಂತಿ ಹೊರಗೆ ಇಣುಕುತ್ತಿತ್ತು. ಹೋದ ವಾರದ ಮಳೆಯಲ್ಲಿ, ಸೈಟಿನ ದಾರಿಯ ಮಂಗೋರ್ ಹಿಲ್ ಇಳಿಜಾರಿನಲ್ಲಿ, ಬ್ರೇಕ್ ಒತ್ತಿದರೂ ವ್ಯಾನು ಜಾರಿ ಗಟಾರದ ಗೋಡೆಗೆ ಬಡಿದದ್ದು ಇವೇ ಟೈರುಗಳಿಂದ. ಒಳಗೆ ಕೂತಿದ್ದ ಕಾಂಕ್ರೀಟು ಹೊರುವ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಅವರಲ್ಲೊಬ್ಬಳಾದ ಹುಲಿಗೆವ್ವನ ಹಣೆ ಒಡೆದಿತ್ತು. ಹೊಸ ಟೈರು ಬಂದಾಗ, ಸಾವ್ಕಾರರ ಮನಸ್ಸು ಕರಗಿತೆಂದು ಚಂದಪ್ಪನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

"ಈ ವ್ಯಾನಿನ್ಯಾಗೂ ಮಂದೀನ ಕುಂದರ್ತಾರಲ್ರಿ?"

"ಕೂಲಿ ಮಂದಿ. ಸೈಟೇನ್ ದೂರ ಐತೇನು? ಹಗೂರಕ ಹೊಡಿ."

ಚಂದಪ್ಪನ ಮೈ ಉರಿಯಿತು. ಒಂದು ಕಾಲಕ್ಕೆ ತನ್ನ ಜೊತೆಯಲ್ಲೇ ಬಂದರಿನಲ್ಲಿ ಚೀಲ ಹೊತ್ತವನು ಈ ಸಂಗಣ್ಣ! ಕಿಸೆಯಿಂದ ಕೀಲಿ ತೆಗೆದು ಸೀಟಿನ ಮೇಲೆ ಎಸೆದ.

"ನಾ ಹೊಡಿಯಾಂಗಿಲ್ರಿ. ನೀವ ಹೊಡ್ಕೋರಿ."

ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಹೆಂಗಸರು ಕಾಯುವ ತಿರುವಿಗೆ ಸಂಗಣ್ಣನೇ ವ್ಯಾನು ತಂದು ನಿಲ್ಲಿಸಿದ. ಚಂದಪ್ಪ ಆಗಲೇ ಅಲ್ಲಿಗೆ ಬಂದು, ನಡೆದದ್ದನ್ನೆಲ್ಲ ಹೇಳಿಯಾಗಿತ್ತು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಹುಲಿಗೆವ್ವ ಬಗ್ಗಿ ಮುಂದಿನ ಟೈರನ್ನು ಸವರಿ ನೋಡಿದಳು.

"ನನ್ನ ಅಂಗೈಯಾಗ ಇದಕ್ಕಿಂತ ಹೆಚ್ಚು ಗೆರಿ ಅದಾವ್ರಿ, ಸಾವ್ಕಾರ್ರ."

"ಮಾತು ಸಾಕು, ಹತ್ರಿ. ತಡಾ ಆದ್ರ ಅರ್ಧಾ ಪಗಾರ ಹಿಡೀತೇನಿ."

"ನಿಮ್ಮ ಮಕ್ಕಳನ್ನ ಕರ್ಕೊಂಡು ಬರ್ರಿ. ಅವರ ಬಾಜೂಕ ನಾನೂ ಕುಂದರ್ತೇನಿ."

"ಏಯ್! ನನ್ನ ಮಕ್ಕಳ ಸುದ್ದಿಗೆ ಬರಬ್ಯಾಡ!" ಸಂಗಣ್ಣ ಚೀರಿದ.

"ನಮಗೂ ಅದಾವ್ರಿ ಮಕ್ಕಳು."

ಹುಲಿಗೆವ್ವ ಬುಟ್ಟಿಯನ್ನು ಮಳೆಗೆ ಅಡ್ಡವಾಗಿ ತಲೆಯ ಮೇಲೆ ಬೋರಲು ಹಾಕಿಕೊಂಡು ಸೈಟಿನ ಕಡೆ ನಡೆದಳು. ಒಂದು ಗಳಿಗೆ ಉಳಿದವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಅವಳ ಹಿಂದೆ ಹೊರಟರು. ಕೆಲಸ ಹೋಯಿತೆಂದು ಗೊತ್ತಿದ್ದ ಚಂದಪ್ಪನೂ ಅವರ ಜೊತೆ ಹೆಜ್ಜೆ ಹಾಕಿದ.

ಸಂಗಣ್ಣ ಖಾಲಿ ವ್ಯಾನನ್ನು ಹಿಂದಿನಿಂದ ತಂದು ಒಂದೇ ಸಮನೆ ಹಾರ್ನ್ ಬಾರಿಸತೊಡಗಿದ. ರಸ್ತೆಯ ಅಗಲಕ್ಕೂ ಹರಡಿ ನಡೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ಸರಿದು ದಾರಿ ಬಿಡಲಿಲ್ಲ.