ಮದ್ದಿನ ಬಣ್ಣ

ಪಾಯಸದ ಪಾತ್ರೆಯ ಅಂಚಿಗೆ ಹತ್ತಿದ ನೇರಳೆ ಕಲೆ ತೆಂಗಿನ ನಾರಿಗೂ ಜಗ್ಗಲಿಲ್ಲ, ಬೂದಿಗೂ ಜಗ್ಗಲಿಲ್ಲ. ವಿನುತಾ ಹಿತ್ತಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಉಜ್ಜುತ್ತಿದ್ದಳು. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನೊಳಗೆ ಹದಿನೆಂಟು ಬಗೆಯ ಔಷಧಿ ಇಳಿದಿರುತ್ತದಂತೆ. ಅಂದು ಆ ಸೊಪ್ಪು ಬೇಯದ ಮನೆ ಶ್ರೀಮಂಗಲದಲ್ಲಿಲ್ಲ. ಪಕ್ಕದ ಮೊಣ್ಣಪ್ಪನವರ ತೋಟದಿಂದ ಬಂದ ಸೊಪ್ಪನ್ನು ಅತ್ತಿಗೆ ಶರಣ್ಯಾ ಬೇಯಿಸಿ, ಬಣ್ಣ ಬಿಟ್ಟ ನೀರಿನಲ್ಲಿ ಪಾಯಸ ಮಾಡಿದ್ದಳು. ಎದೆ ಭಾರವೆಂದು ಮಲಗಿದ್ದ ವಿನುತಾ ಎದ್ದು ಬರುವಷ್ಟರಲ್ಲಿ ಪಾತ್ರೆಯಲ್ಲಿ ಉಳಿದದ್ದು ಬಣ್ಣ ಮಾತ್ರ. ಅವಳ ಕೋಣೆಗೆ ಅಣ್ಣ ಒಯ್ದಿದ್ದಾನೆಂದು ಅತ್ತಿಗೆ, ಅತ್ತಿಗೆ ಒಯ್ದಿದ್ದಾಳೆಂದು ಅಣ್ಣ ಅಂದುಕೊಂಡಿರಬೇಕು. ಅಮ್ಮ ಇದ್ದಾಗ ಮೊದಲ ಬಟ್ಟಲು ಅವಳದೇ ಆಗಿತ್ತು. ಪಾಯಸಕ್ಕೆ ಅಳುವ ವಯಸ್ಸೇ ಇದು ಎಂದುಕೊಂಡು ಅವಳು ತುಟಿ ಬಿಚ್ಚದೆ ಪಾತ್ರೆ ಎತ್ತಿಕೊಂಡಿದ್ದಳು.

ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಬಂದವಳು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು.

"ಅತ್ತಿಗೆ, ಒಂದಕ್ಕೆ ಕೆಂಪಗೆ ಹೋಯ್ತು."

ಅಂಗನವಾಡಿಗೆ ಹೊರಡುವ ಗಡಿಬಿಡಿಯಲ್ಲಿದ್ದ ಶರಣ್ಯಾ ತಿರುಗದೆಯೇ ನಕ್ಕಳು. "ಮದ್ದು ತಿಂದ ಮೇಲೆ ಮತ್ತೇನು ಹಸಿರಾಗಿ ಹೋಗ್ತದಾ? ನಂದೂ ಹಂಗೇ, ನಿಮ್ಮಣ್ಣಂದೂ ಹಂಗೇ. ಅವರಂತೂ ಬಚ್ಚಲಿಂದ ಕೂಗೇ ಹಾಕಿದ್ರು."

"ಮರ್ತೇ ಹೋಗಿತ್ತು ಮಾರಾಯ್ತಿ," ಎಂದ ಅಣ್ಣ ಅನಿಲ್‌ಕುಮಾರ್ ಒಳಗಿನಿಂದ. ಸಿಂಗಾಪುರದ ಗೋಡೌನ್ ಒಂದರಲ್ಲಿ ಕೆಲಸ ಮಾಡುವ ಅವನು ರಜೆಗೆಂದು ಬಂದಿದ್ದ. "ಕೆಂಪಗೆ ಹೋದ್ರೇನೇ ಮದ್ದು ಮೈಗೆ ಹತ್ತಿದೆ ಅಂತ. ಗುಳಿಗೆ ತಗೊಂಡ್ಯಾ ವಿನು?"

"ಹ್ಞೂಂ."

ಗುಳಿಗೆ ಅವನೇ ತಂದದ್ದು. ಬಾಟಲಿಯ ತುಂಬ ಚೀನೀ ಅಕ್ಷರ, ಕೆಳಗೊಂದು ನೇರಳೆ ಹೂವಿನ ಚಿತ್ರ. ಯಾವುದೋ ಕೆಂಪು ಬೇರಿನಿಂದ ಚೀನಾದವರು ಮಾಡುವ ಔಷಧಿಯಂತೆ, ಹೃದಯಕ್ಕೆ ಬಲವಂತೆ. "ನಮ್ಮ ಗೋಡೌನಿನ ಎದುರು ಒಬ್ಬ ಚೀನೀ ಅಜ್ಜ ಇದಾನೆ. ಇದನ್ನೇ ನುಂಗಿ ನುಂಗಿ ಈಗಲೂ ಅಕ್ಕಿಮೂಟೆ ಹೊರ್ತಾನೆ. ನೋಡಿದಾಗೆಲ್ಲ ನಿನ್ನ ನೆನಪಾಗ್ತಿತ್ತು, ಅದಕ್ಕೇ ತಗೊಂಡು ಬಂದೆ," ಎಂದಿದ್ದ. ಹೃದಯದ ಕವಾಟದ ಆಪರೇಷನ್ನಿಗೆಂದು ಹೈಸ್ಕೂಲು ಬಿಟ್ಟು ಮನೆ ಸೇರಿದ ಮೇಲೆ, ನಿನ್ನ ನೆನಪಾಯಿತು ಎಂದು ಅವಳಿಗೆ ಯಾರೂ ಏನನ್ನೂ ತಂದುಕೊಟ್ಟಿರಲಿಲ್ಲ. ಅವಳು ಈಗಲೂ ದಿನಾ ನುಂಗುವ, ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟ ದಿನ ಡಾಕ್ಟರು ಹೇಳಿದ್ದ ಮಾತು ಅವಳಿಗೆ ನೆನಪಿತ್ತು: ಬೇರು, ಕಷಾಯ, ಸೊಪ್ಪು, ಯಾವುದನ್ನೂ ನನ್ನ ಕೇಳದೆ ಇದರ ಜೊತೆ ತಗೋಬೇಡ, ಒಮ್ಮೆ ರಕ್ತ ಹೋಗಲು ಶುರುವಾದರೆ ನಿಲ್ಲುವುದಿಲ್ಲ. ಅಣ್ಣ ಮೊದಲ ಗುಳಿಗೆ ಕೊಟ್ಟ ದಿನ ಅದನ್ನು ಹೇಳಬೇಕೆಂದು ಅವಳು ಬಾಯಿ ತೆರೆದಳು. ಅಣ್ಣ ನೀರಿನ ಲೋಟ ಹಿಡಿದು ನಿಂತಿದ್ದ. ತೆರೆದ ಬಾಯಿಗೆ ಗುಳಿಗೆ ಹಾಕಿಕೊಂಡಳು.

ಅಂದಿನಿಂದ ಪ್ರತಿ ಊಟಕ್ಕೂ ಅವನು ಕೇಳುತ್ತಾನೆ, ಗುಳಿಗೆ ತಗೊಂಡ್ಯಾ ಎಂದು. ಆ ಮನೆಯಲ್ಲಿ ಅವಳನ್ನು ಯಾರಾದರೂ ಕೇಳುವ ಪ್ರಶ್ನೆ ಅದೊಂದೇ.

ಮೂತ್ರದ ಬಣ್ಣ ಹೋಗಲಿಲ್ಲ. ಹಲ್ಲುಜ್ಜಿ ಉಗಿದರೆ ನೊರೆಯೂ ಕೆಂಪು. ಬಿಂದಿಗೆಯ ಅಂಚು ಮೆತ್ತಗೆ ತಗುಲಿದ್ದ ತೋಳಿನಲ್ಲಿ ಅಂಗೈಯಗಲದ ನೀಲಿ ಕಲೆ ಎದ್ದಿತ್ತು. ಭಾನುವಾರ ಅತ್ತಿಗೆಯ ಜೊತೆ ಬಟ್ಟೆ ಹಿಂಡುವಾಗ ತೋಳು ಮುಚ್ಚಿಕೊಂಡು ಕೇಳಿದಳು, "ನಿಮಗೆ ಬಣ್ಣ ಹೋಯ್ತಾ ಅತ್ತಿಗೆ?"

"ಅದು ಎರಡೇ ದಿನಕ್ಕೆ ಹೋಯ್ತಲ್ಲ. ನಿಂಗಿನ್ನೂ ಇದೆಯಾ?" ಶರಣ್ಯಾ ಸೀರೆಯ ಇನ್ನೊಂದು ತುದಿ ತಿರುಚುತ್ತ ನಕ್ಕಳು. "ಎರಡು ಬಟ್ಟಲು ಬಾರಿಸಿದ್ಯೇನೋ, ಕಳ್ಳಿ."

ವಿನುತಾ ತನ್ನ ತುದಿಯನ್ನು ತಿರುಚಿದಳು. ಇಬ್ಬರ ನಡುವೆ ನೀರು ಸುರಿಯಿತು.

ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತರು. ಅನಿಲ್‌ಕುಮಾರ್ ಬಾಟಲಿಯ ಮುಚ್ಚಳ ತಿರುಗಿಸಿ ಗುಳಿಗೆಯನ್ನು ಅವಳ ಅಂಗೈಗೆ ಹಾಕಿದ. ನೀರಿನ ಲೋಟವನ್ನೂ ಹತ್ತಿರ ಸರಿಸಿದ. ಬೇಡವೆಂದರೆ ನಾಳೆ ಅವನು ಕೇಳಲಿಕ್ಕಿಲ್ಲ. ನಾಳಿದ್ದೂ ಕೇಳಲಿಕ್ಕಿಲ್ಲ. ವಿನುತಾ ಗುಳಿಗೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ತಟ್ಟೆಯ ಅಂಚಿಗಿಟ್ಟಳು, ಉಪ್ಪಿನ ಪಕ್ಕದಲ್ಲಿ.

"ಯಾಕೆ?" ಎಂದ ಅವನು.

"ನಾನು ಅವತ್ತು ಪಾಯಸ ತಿಂದಿಲ್ಲ ಅಣ್ಣ."

"ಯಾವ ಪಾಯಸ?"

"ಮದ್ದಿಂದು. ನಾನು ಏಳೋ ಹೊತ್ತಿಗೆ ಖಾಲಿಯಾಗಿತ್ತು. ನಂಗೆ ಇವತ್ತೂ ಕೆಂಪಗೇ ಹೋಗ್ತಾ ಉಂಟು. ವಸಡಿಂದಲೂ ರಕ್ತ ಬರ್ತದೆ." ತೋಳಿನ ಸೆರಗು ಸರಿಸಿ ತೋರಿಸಿದಳು. "ನನ್ನ ರಕ್ತದ ಮಾತ್ರೆಗೂ ಇದಕ್ಕೂ ಆಗೋದಿಲ್ಲ ಅಂತ ಕಾಣ್ತದೆ."

ಅನಿಲ್‌ಕುಮಾರ್ ಹೆಂಡತಿಯ ಮುಖ ನೋಡಿದ. ಶರಣ್ಯಾ ಅವನ ಮುಖ ನೋಡಿದಳು. ಕಲಸಿದ ತುತ್ತು ಇಬ್ಬರ ಕೈಯಲ್ಲೂ ಹಾಗೇ ನಿಂತಿತ್ತು. ಅಂಚಿನ ನೇರಳೆ ಕಲೆ ಹೋಗದ ಅದೇ ಪಾತ್ರೆ, ಈಗ ಸಾರು ತುಂಬಿಕೊಂಡು, ಅವರಿಬ್ಬರ ನಡುವೆ ಹಬೆಯಾಡುತ್ತಿತ್ತು.

"ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ?" ವಿನುತಾ ಕೇಳಿದಳು.